ಎಸೆನ್‌ಕುಲ್ ಮೇಷ್ಟ್ರು ಓದಿದ ಚಿತ್ರ

ನಮ್ಮ ಹಳ್ಳಿಯ ಎಸೆನ್‌ಕುಲ್ ಮೇಷ್ಟ್ರು ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಜಗತ್ತಿನ ನದಿಗಳನ್ನೆಲ್ಲ ಬೆತ್ತದ ತುದಿಯಲ್ಲಿ ಹರಿಸಿದರೂ ಸ್ವತಃ ಊರ ಪಕ್ಕದ ನರೀನ್ ಹೊಳೆ ದಾಟಿದ್ದು ಅಪರೂಪ. ಆದರೂ ಮದುವೆಯಿರಲಿ, ತಿಥಿಯಿರಲಿ, ಹಿರಿಯರ ಮರ್ಯಾದೆಗೆಂದು ಬೇಯಿಸಿದ ಕುರಿಯ ತಲೆಯನ್ನು ಅವರ ಮುಂದೆಯೇ ಇಡಬೇಕು. ಬೇರೆಯವರ ಮುಂದಿಟ್ಟರೆ ಮೇಷ್ಟ್ರಿಗೆ ಅಂದು ಹಲ್ಲುನೋವು, ಊಟ ಸೇರದು.

ಇಂಥ ಮೇಷ್ಟ್ರಿಗೂ ಒಂದು ಕೊರಗಿತ್ತು. ಅವರು ತೊಟ್ಟಿಲ ಕೂಸಾಗಿದ್ದಾಗ ಅಜ್ಜ ಬೋರುಬಾಯ್‌ನನ್ನು ಸರಕಾರದವರು ಹಿಡಿದೊಯ್ದರು. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಮನೆಯಲ್ಲಿದ್ದ ಒಂದೇ ಫೋಟೋವನ್ನು ಮನೆಯವರೇ ಹೆದರಿ ಒಲೆಗೆ ಹಾಕಿದ್ದರು. ಈಗ ಕಾಲ ಬದಲಾಗಿತ್ತು. ನಮ್ಮ ಸ್ಮಶಾನದಲ್ಲಿ ಸತ್ತವರ ಮುಖವನ್ನು ಕರಿಕಲ್ಲಿನ ಮೇಲೆ ಕೆತ್ತಿಸುವುದು ರೂಢಿ. ಮೇಷ್ಟ್ರೂ ಅಜ್ಜನಿಗೆಂದು ಕಲ್ಲು ತರಿಸಿ ಅಂಗಳದಲ್ಲಿ ಒರಗಿಸಿದ್ದರು. ಕಲ್ಲು ಬಂತು, ಮುಖ ಎಲ್ಲಿಂದ ತರುವುದು?

ಬೋರುಬಾಯ್‌ನನ್ನು ಕಂಡವರ ಪೈಕಿ ಉಳಿದಿದ್ದವರು ಮೇಷ್ಟ್ರ ತಾಯಿ ಬುರುಲಮ್ಮ ಒಬ್ಬರೇ. ಆದರೆ ಸೊಸೆ ಮಾವನ ಮುಖವನ್ನು ನೇರ ನೋಡುವುದುಂಟೇ? ತಲೆ ಬಗ್ಗಿಸಿಕೊಂಡೇ ಬಾಳಿದ ಆಕೆಗೆ ಗೊತ್ತಿದ್ದದ್ದು ಮಾವನ ಬೂಟು ಮತ್ತು ಕೆಮ್ಮು.

ಉಳಿದದ್ದು ಒಂದೇ ಆಸೆ. ಬೋರುಬಾಯ್ ಹರೆಯದಲ್ಲಿ ಹಂಗೇರಿಯ ಪ್ರವಾಸಿಯೊಬ್ಬನಿಗೆ ಕಣಿವೆಗಳ ದಾರಿ ತೋರಿಸಿದ್ದನಂತೆ. ಆತ ಫೋಟೋ ತೆಗೆದು, ಊರಿಗೆ ಹೋಗಿ ಪುಸ್ತಕ ಬರೆದನಂತೆ. ನಮ್ಮ ಜಿಲ್ಲೆಯ ಕುಸ್ತಿ ತಂಡ ಬುಡಾಪೆಸ್ಟಿಗೆ ಹೊರಟಾಗ ಮೇಷ್ಟ್ರು ಹಠ ಹಿಡಿದರು.

“ಹಿರಿಯರು ಜೊತೆಗಿಲ್ದೆ ಗೆಲ್ತೀರೇನ್ರೋ?”

“ಬನ್ನಿ ಮೇಷ್ಟ್ರೇ, ಸೋತ್ರೆ ಬಯ್ಯೋಕೂ ಒಬ್ರು ಬೇಕಲ್ಲ,” ಎಂದರು ಪೈಲ್ವಾನರು.

ಪೈಲ್ವಾನರು ಮೊದಲ ದಿನವೇ ಸೋತು ಮಲಗಿದರು. ಮೇಷ್ಟ್ರು ಮಾತ್ರ ಸೋಲದೆ ಹಳೆಯ ಪುಸ್ತಕದಂಗಡಿಗಳ ಮೆಟ್ಟಿಲು ಹತ್ತಿಳಿದು, ಕೊನೆಗೊಂದು ನೆಲಮಾಳಿಗೆಯ ಅಂಗಡಿಯಲ್ಲಿ ಆ ಪುಸ್ತಕ ಹಿಡಿದೇಬಿಟ್ಟರು. ಅಂಗಡಿಯ ಮುದುಕಿಗೂ ಮೇಷ್ಟ್ರಿಗೂ ಇದ್ದ ಸಮಾನ ಭಾಷೆ ರಷ್ಯನ್. ಇಬ್ಬರೂ ಶಾಲೆಯಲ್ಲಿ ಬೈಸಿಕೊಂಡು ಕಲಿತದ್ದು.

“ಈ ಪುಸ್ತಕ ನಾನು ಕಂಡಿದ್ದು ಇದೊಂದೇ,” ಎಂದಳು ಮುದುಕಿ. “ಬರೆದವನು ಕೈಯಿಂದ ಖರ್ಚು ಮಾಡಿ ಕೆಲವೇ ಪ್ರತಿ ಅಚ್ಚು ಹಾಕಿಸಿದ್ದ. ಗ್ರಂಥಾಲಯದ್ದು ಯುದ್ಧದಲ್ಲಿ ಸುಟ್ಟುಹೋಯ್ತು.”

“ಬೋರುಬಾಯ್ ಅನ್ನೋ ಹೆಸರು ತೋರಿಸಿ.”

ಆಕೆ ಹಿಂದೆಮುಂದೆ ಹುಡುಕಿದಳು. “ಇಲ್ಲವಲ್ಲ.”

ಮೇಷ್ಟ್ರು ತಾವೇ ಚಿತ್ರದ ಹಾಳೆಗಳನ್ನು ತಿರುವಿದರು. ಪ್ರತಿ ಚಿತ್ರದ ಕೆಳಗೂ ಬೆರಳಿಟ್ಟು ಹೆಸರುಗಳನ್ನು ಅಕ್ಷರ ಕೂಡಿಸಿ ಓದಿದರು. ಯಾರ್ಯಾರೋ ಇದ್ದರು, ಬೋರುಬಾಯ್ ಇರಲಿಲ್ಲ.

“ಮುಖಗಳನ್ನಾದ್ರೂ ನೋಡಿ. ನಿಮ್ಮ ಹೋಲಿಕೆ ಇದ್ದೀತು,” ಎಂದಳು ಮುದುಕಿ.

“ನಮ್ಮಜ್ಜ ಹೆಸರಿಲ್ಲದ ದಾರಿಹೋಕ ಅಲ್ಲಮ್ಮ! ಇದು ಬೇರೆ ಯಾವುದೋ ಪುಸ್ತಕ,” ಎಂದು ಪುಸ್ತಕ ಮುಚ್ಚಿಟ್ಟು ಮೇಷ್ಟ್ರು ಗಂಭೀರವಾಗಿ ಮೆಟ್ಟಿಲು ಹತ್ತಿದರು.

ಊರಿಗೆ ಬಂದ ದಿನ ನಾವೆಲ್ಲ ಅವರ ಮನೆಯಲ್ಲಿ ಚಹಾಕ್ಕೆ ಸೇರಿದ್ದೆವು. ಮೂಲೆಯಲ್ಲಿದ್ದ ಬುರುಲಮ್ಮ ಕೇಳಿದರು: “ಮತ್ತೆ ಅದರಲ್ಲಿ ಯಾರ ಹೆಸರಿತ್ತಪ್ಪ?”

ಮೇಷ್ಟ್ರು ಪಾಠ ಒಪ್ಪಿಸಿದಂತೆ ಹೇಳಿದರು: “ತಿನಾಯ್, ಕೆರಿಮ್‌ಕುಲ್, ಉಲುಮ...”

“ಏನಂದೆ? ಉಲುಮ ಅಂತಲಾ?”

“ಹೂಂ. ಊಳಿಡುವವ! ಅದೂ ಒಂದು ಹೆಸರೇನಮ್ಮ?”

ಬುರುಲಮ್ಮ ಚಹಾ ಬಟ್ಟಲನ್ನು ಕೆಳಗಿಟ್ಟರು. “ಅಯ್ಯೋ ಮಗನೆ! ನಿನ್ನಜ್ಜನ ಹೆಸರಿಗೆ ಅರ್ಥ ಏನೋ?”

“ಬೋರು ಅಂದ್ರೆ ತೋಳ.”

“ಹೆಂಡ್ತಿಯಾದವಳು, ಸೊಸೆಯಾದವಳು ಅದನ್ನ ಬಾಯಿಬಿಟ್ಟು ಹೇಳ್ತಾಳಾ? ಕುರಿದೊಡ್ಡಿಗೆ ಅದೇ ನುಗ್ಗಿದ್ರೂ ‘ಉಲುಮ ಬಂತು, ಉಲುಮ ಬಂತು’ ಅಂತ ಕೂಗ್ತಿದ್ವಿ. ‘ಯಜಮಾನರ ಹೆಸರೇನಮ್ಮ’ ಅಂತ ಆ ಪರದೇಶಿ ನಮ್ಮತ್ತೇನ ಕೇಳಿರ್ತಾನೆ. ಪಾಪ, ಅವಳು ಇನ್ನೇನು ಹೇಳಿಯಾಳು?”



ಮೇಷ್ಟ್ರು ಅಂಚೆ ಕಚೇರಿಗೆ ಓಡಿ ಬುಡಾಪೆಸ್ಟಿನ ಆ ಅಂಗಡಿಗೆ ಫೋನು ಹಚ್ಚಿಸಿದರು. ಪುಸ್ತಕ ಮಾರಿಹೋಗಿತ್ತು. ಕೊಂಡವನು ಯಾವ ದೇಶದವನೋ, ದಾರಿಯಲ್ಲಿ ಹೋಗುತ್ತಿದ್ದವನು ಇಳಿದು ಬಂದನಂತೆ, ಕಂಕುಳಲ್ಲಿಟ್ಟು ನಡೆದನಂತೆ.

ಕಲ್ಲು ಕೆತ್ತುವ ಶಾರ್ಶೆನ್ ಒಳ್ಳೆಯ ಮನುಷ್ಯ. “ಚಿತ್ರ ಇಲ್ದಿದ್ರೆ ಏನಾಯ್ತು ಮೇಷ್ಟ್ರೇ? ಕಣ್ಣಾರೆ ನೋಡಿದ್ದೀರಲ್ಲ, ನೀವು ಹೇಳ್ತಾ ಹೋಗಿ, ನಾನು ಕೆತ್ತೀನಿ. ಗಡ್ಡ ಇತ್ತಾ?”

ಮೇಷ್ಟ್ರು ಕಣ್ಣು ಮುಚ್ಚಿದರು. “ಅಕ್ಷರ ಸ್ವಲ್ಪ ಓರೆ ಇತ್ತು. ಮೊದಲ ಅಕ್ಷರದ ಶಾಯಿ ಹರಡಿತ್ತು...”

“ಅಕ್ಷರ ಅಲ್ಲ, ಮುಖ.”

“ಕುದುರೆ ಇತ್ತು. ಪಕ್ಕದಲ್ಲಿ ಒಬ್ಬ ಮನುಷ್ಯ.”

“ಮೂಗು?”

“ನಾನು ಓದ್ತಾ ಇದ್ದೆ ಕಣಯ್ಯ,” ಎಂದರು ಮೇಷ್ಟ್ರು. ತರಗತಿಯ ಕೊನೆಯ ಬೆಂಚಿಗೂ ಕೇಳುತ್ತಿದ್ದ ಆ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. “ಹೆಸರು ಓದ್ತಾ ಇದ್ದೆ.”

ಬುರುಲಮ್ಮ ಬಯ್ಯಲಿಲ್ಲ. “ನೀನಾದ್ರೂ ಒಂದು ಸಲ ನೋಡಿದ್ಯಲ್ಲ ಮಗನೆ, ನಿಧಾನಕ್ಕೆ ನೆನಪಾಗುತ್ತೆ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಈಗ ಕುರಿಯ ತಲೆ ಯಾರ ಮುಂದೆ ಹೋದರೂ ಗಮನಿಸುವುದಿಲ್ಲ. ಬಿಳಿ ಸೀಮೆಸುಣ್ಣ ಹಿಡಿದು ಅಂಗಳದ ಕಲ್ಲಿನೆದುರು ಕೂರುತ್ತಾರೆ. ಒಂದು ಹುಬ್ಬು ಎಳೆಯುತ್ತಾರೆ, ನೋಡುತ್ತಾರೆ, ತೋಳಿನಿಂದ ಒರೆಸುತ್ತಾರೆ.

“ಮಾವ ಬಂದ್ರೇನೋ?” ಎಂದು ಬಾಗಿಲಿಂದ ತಾಯಿ ಕೇಳುತ್ತಾರೆ.

“ಇನ್ನೂ ಇಲ್ಲಮ್ಮ.”