ಒಗ್ಗದ ನೀರು

ತಮಿಳುನಾಡಿನ ವೇದಸಂದೂರಿನ ಹೊರಗಿನ ಒಂದು ನೂಲಿನ ಮಿಲ್ಲಿನ ಹಿಂದೆ ತಗಡಿನ ಶೆಡ್ಡುಗಳಿವೆ. ಅಲ್ಲಿ ಒಡಿಶಾದ ಕೂಲಿಗಳಿಗೆ ಅನ್ನ ಬೇಯಿಸುವವಳು ಪಾಪಮ್ಮಾಳ್. ಸಾಂಬಾರು ಹಿಡಿಸದವರನ್ನು ಬಯ್ದು, ಬಯ್ದ ಮೇಲೆ ಆಲೂಗಡ್ಡೆ ಹುರಿದು ಕೊಡುವ ಹೆಂಗಸು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶೆಡ್ಡಿನಲ್ಲಿ ಕೈಸನ್ನೆ, ಮೂರರಲ್ಲೂ ಜೋರು.

ಹೊಸಬರು ಬಂದಾಗಲೆಲ್ಲ ಹೊಟ್ಟೆ ಕೆಡುವುದು ಮಾಮೂಲು. "ನೀರು ಒಗ್ಗಿಲ್ಲ" ಎನ್ನುತ್ತಿದ್ದಳು ಪಾಪಮ್ಮಾಳ್. ಶೆಡ್ಡಿನ ಮೇಸ್ತ್ರಿ ಮುತ್ತುಕುಮಾರ್, ಆಕೆಯ ಅಣ್ಣನ ಮಗ, ಅವನದೂ ಅದೇ ಮಾತು. ಎಂಥ ಅನುಕೂಲದ ಮಾತು ನೋಡಿ. ತಪ್ಪು ಪೈಪಿನದಲ್ಲ, ಮಿಲ್ಲಿನದಂತೂ ಅಲ್ಲವೇ ಅಲ್ಲ. ದೂರದಿಂದ ಬಂದ ಹೊಟ್ಟೆಯದು.

ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆ ಹಿಡಿದಿತ್ತು. ಹೊಸದಾಗಿ ಕೆಲಸಕ್ಕೆ ಬಂದಿದ್ದ ಬಾಸಂತಿ ಎಂಬ ಒಡಿಯಾ ಹುಡುಗಿ ತನ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆ ಬಾಗಿಲಿಗೆ ಬಂದಳು. ಕೂಸಿಗೆ ಬೆಳಗಿನಿಂದ ನೀರು ನೀರಾಗಿ ಭೇದಿ.

"ಹೊಸ ನೀರಲ್ವಾ ಸಾಮಿ, ಒಗ್ಗಕ್ಕೆ ನಾಕು ದಿನ ಬೇಕು," ಎಂದಳು ಪಾಪಮ್ಮಾಳ್. ಚಿಕ್ಕವರೆಲ್ಲ ಅವಳಿಗೆ ಅಕ್ಕರೆಯ 'ಸಾಮಿ'ಯೇ.

ಆರೋಗ್ಯ ಕೇಂದ್ರದ ನರ್ಸ್ ಅಮುದಾ ಬಂದಾಗ ಮುತ್ತುಕುಮಾರ್ ಗೇಟಿನಲ್ಲೇ ಅದನ್ನೇ ಹೇಳಿದ. ಅವಳೂ ಅದನ್ನೇ ನಂಬಿ, ಭೇದಿಗೆ ಕದಡಿ ಕುಡಿಸುವ ಪುಡಿಯ ಪೊಟ್ಟಣಗಳನ್ನು ಕೊಟ್ಟು ಹೋದಳು. ಮರುದಿನ ಸಂಜೆ ಕೂಸು ಹೋಯಿತು. ಶೆಡ್ಡಿನಲ್ಲಿ ಇನ್ನೂ ಹತ್ತಾರು ಜನ ಚೊಂಬು ಹಿಡಿದು ಓಡುತ್ತಲೇ ಇದ್ದರು.

ಪಾಪಮ್ಮಾಳ್ ಮೇಸ್ತ್ರಿಯ ಅತ್ತೆಯಲ್ಲವೇ, ಆಕೆಗೆ ಕುಡಿಯಲು ಆಫೀಸಿನ ಕ್ಯಾನ್ ನೀರು. ಕೂಸನ್ನು ಮಣ್ಣು ಮಾಡಿದ ದಿನ ಮಳೆಗೆ ಕ್ಯಾನ್ ಗಾಡಿ ಬರಲಿಲ್ಲ. ಸುಡುಗಾಡಿನಿಂದ ಬಂದವಳು ಶೆಡ್ಡಿನ ನಲ್ಲಿಗೇ ಬಾಯಿಟ್ಟಳು. ಮಾರನೆಯ ದಿನ ಆಕೆಗೂ ವಾಂತಿ, ಭೇದಿ.

"ವಯಸ್ಸಾಯ್ತಲ್ಲ ಅತ್ತೆ," ಎಂದ ನೋಡಲು ಬಂದ ಮುತ್ತುಕುಮಾರ್. "ಹಳೇ ಮೀನ್ ಕೊಳಂಬು ತಿಂದಿರ್ತೀರಿ."

"ಮೀನಾ? ನೀನ್ ತಂದ್ಕೊಟ್ಟಿದ್ಯಾ?" ಪಾಪಮ್ಮಾಳ್ ಗೋಡೆ ಹಿಡಿದು ಎದ್ದು ಕೂತಳು. "ನಾನ್ ಹುಟ್ಟಿದ್ದೇ ಈ ಊರ ನೀರಲ್ಲಿ ಕಣೋ. ನಂಗೂ ಒಗ್ಗಲಿಲ್ವಾ?"

ಸರ್ಕಾರಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ನೋಡಲು ಬಂದ ಅಮುದಾಳಿಗೂ ಅದನ್ನೇ ಕೇಳಿದಳು. ಅಷ್ಟೂ ಒಡಿಯಾ ಹೊಟ್ಟೆಗಳು ಕೆಟ್ಟಾಗ ಯಾರೂ ಕದಲಿರಲಿಲ್ಲ. ಇಲ್ಲಿ ವೋಟಿರುವ ಒಂದು ಹೊಟ್ಟೆ ಕೆಟ್ಟಿತು, ಆರೋಗ್ಯ ಇಲಾಖೆಯ ಜೀಪು ಬಂತು. ಅಗೆದು ನೋಡಿದರೆ ಕುಡಿಯುವ ನೀರಿನ ಪೈಪು ಕಕ್ಕಸಿನ ಮೋರಿಯಲ್ಲೇ ಮಲಗಿತ್ತು. ಒಡೆದ ಕಡೆ ಸೈಕಲ್ ಟ್ಯೂಬ್ ಸುತ್ತಿದ್ದರು. ಮೋಟರ್ ನಿಂತಾಗಲೆಲ್ಲ ಪೈಪು ಮೋರಿಯನ್ನು ಹೀರಿಕೊಳ್ಳುತ್ತಿತ್ತು. ಪೈಪನ್ನು ಬೇರೆ ಕಡೆಯಿಂದ ಎಳೆದು, ಟ್ಯಾಂಕು ತಿಕ್ಕಿ, ಬ್ಲೀಚಿಂಗ್ ಪೌಡರ್ ಹಾಕುವ ಕೆಲಸ ಸಂಜೆಯೊಳಗೆ ಮುಗಿಯಿತು. ಅಷ್ಟೇ ಕೆಲಸ. ಅದಕ್ಕೆ ಒಂದು ಕೂಸು ಸಾಯಬೇಕಾಯಿತು.

ಪಾಪಮ್ಮಾಳ್ ಆಸ್ಪತ್ರೆಯಿಂದ ಬಂದಾಗ ಬಾಸಂತಿ ತಿರುಪ್ಪೂರಿನಲ್ಲಿರುವ ಗಂಡನ ಬಳಿಗೆ ಹೊರಟು, ಗಂಟು ಹಿಡಿದು ಗೇಟಿನ ಎದುರು ಬಸ್ಸಿಗೆ ಕಾಯುತ್ತಿದ್ದಳು. ಗಂಡನಿಂದ ಕಲಿತ ಹರಕು ತಮಿಳಿನಲ್ಲಿ ಕೇಳಿದಳು:

"ಅಮ್ಮಾ, ನಿಮ್ಮೂರ ನೀರು ತಡಕೊಳ್ಳೋ ಬಲ ನನ್ನ ಕೂಸಿಗೆ ಇರಲಿಲ್ವಾ?"

ಪಕ್ಕದಲ್ಲಿದ್ದ ಮುತ್ತುಕುಮಾರ್ ಅವಳಿಗೆ ತಿಳಿಯದಿರಲೆಂದು ಮನೆಮಾತಿಗೆ ಇಳಿದ. "ಹೂಂ ಅಂದ್ಬಿಡಿ ಅತ್ತೆ. ಸಮಾಧಾನವಾಗಿ ಹೋಗ್ಲಿ."

ಪಾಪಮ್ಮಾಳ್ ಅವನ ಕಡೆ ತಿರುಗಲಿಲ್ಲ. ಇಬ್ಬರಿಗೂ ಅರ್ಥವಾಗುವ ಹಾಗೆ ತಮಿಳಿನಲ್ಲೇ ಹೇಳಿದಳು. "ಕೂಸು ಗಟ್ಟಿಯಾಗೇ ಇತ್ತು ಸಾಮಿ. ನೀರಿಗೆ ಕಕ್ಕಸು ಸೇರಿತ್ತು. ಒಗ್ಗುತ್ತೆ ಅಂತ ನಾನೇ ನಿಂಗೆ ಹೇಳ್ದೆ."

ಬಾಸಂತಿ ಗಂಟನ್ನು ಕೆಳಗಿಟ್ಟು ಮಣ್ಣಲ್ಲೇ ಕೂತಳು. ತನ್ನ ಕೈಗಳನ್ನೇ ನೋಡಿಕೊಂಡಳು.

"ಆ ಪುಡಿ," ಎಂದಳು. "ನರ್ಸ್ ಕೊಟ್ಟ ಪುಡಿ. ಅದನ್ನೂ ಆ ನಲ್ಲಿ ನೀರಲ್ಲೇ ಕದಡಿ ಕುಡಿಸ್ದೆ."

ಪಾಪಮ್ಮಾಳ್ ಅವಳ ಪಕ್ಕ ಕುಕ್ಕರಿಸಿದಳು. ಬಸ್ಸು ಬಂತು, ಹಾರನ್ ಹೊಡೆದು ಹೋಯಿತು. ಇಬ್ಬರೂ ಏಳಲಿಲ್ಲ.