ಪಾಸಾದ ಗೋಲ್‌ಕೀಪರ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಬುದ್ಧಿಮಾಂದ್ಯರೂ ಉಳಿದವರೂ ಒಂದೇ ತಂಡದಲ್ಲಿ ಆಡುವ ರಾಷ್ಟ್ರಮಟ್ಟದ ಫುಟ್‌ಬಾಲ್ ಪಂದ್ಯಾವಳಿಗೆ ನಮ್ಮ ಭಾಗದಿಂದಲೂ ತಂಡ ಕಳಿಸಬೇಕೆಂದು ಪತ್ರ ಬಂತು. ಹನ್ನೊಂದರಲ್ಲಿ ಆರು ಮಂದಿ ಬುದ್ಧಿಯ ಬೆಳವಣಿಗೆ ನಿಧಾನವಾದವರು, ಐದು ಮಂದಿ ಉಳಿದವರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಆರಿಸಿದೆ. ರವಿವಾರ ಬೆಳಿಗ್ಗೆ ಎಂಟಕ್ಕೆ ಅಭ್ಯಾಸ. ಐದು ನಿಮಿಷ ತಡವಾದವರು ಮೂರು ಸುತ್ತು ಓಡಬೇಕು. ಬಸ್ಸು ತಡವಾಗಿದ್ದರೂ ಓಡಬೇಕು.

ಗೋಲ್‌ಕೀಪರ್ ಹಿರೇಕೆರೂರಿನವನು, ಆ ಆರರಲ್ಲಿ ಒಬ್ಬ. ಇಪ್ಪತ್ನಾಲ್ಕು ವಯಸ್ಸು, ಪೇಟೆಯಲ್ಲಿ ಗೋವಿನಜೋಳದ ಚೀಲ ಹೊರುವ ಕೆಲಸ. ಹೊಲಿಗೆ ಮಾಡುತ್ತಿದ್ದ ಅವನ ಅಕ್ಕ ಜೊತೆಗೆ ಬರುತ್ತಿದ್ದಳು. ಚೆಂಡು ಸಿಕ್ಕರೆ ಎದೆಗೆ ಅವಚಿಕೊಂಡು ನಿಂತುಬಿಡುತ್ತಿದ್ದ.

“ಲೇ, ಅದು ಚೀಲ ಅಲ್ಲಲೇ, ಬಾಲು! ಒಗಿ ಈ ಕಡೆ!” ಎಂದು ಸವಣೂರಿನ ಆಟಗಾರ ಕೂಗುತ್ತಿದ್ದ. ಅವನು ಉಳಿದ ಐವರಲ್ಲಿ ಒಬ್ಬ.

“ಕಸ್ಗೋ ಬಾ, ನೋಡೂಣು!”

ಯಾರಿಂದಲೂ ಆಗುತ್ತಿರಲಿಲ್ಲ. ರೈಲು ಹತ್ತಿ ಹೋಗಿ ಆ ದೊಡ್ಡ ಮೈದಾನದ ಗೋಲಿನಲ್ಲಿ ನಿಲ್ಲಬೇಕು ಎಂಬುದೊಂದೇ ಅವನಿಗಿದ್ದದ್ದು. ಇನ್ನೆಷ್ಟು ರವಿವಾರ ಎಂದು ಪ್ರತಿ ವಾರ ಕೇಳುತ್ತಿದ್ದ.

ಆ ಆರು ಮಂದಿಗೂ ವೈದ್ಯರ ಪ್ರಮಾಣಪತ್ರ ಬೇಕಿತ್ತು. ನಾನು ಮನೆಗಳಿಗೆ ಕಾರ್ಡು ಬರೆದೆ: ‘ಹುಬ್ಬಳ್ಳಿಯಲ್ಲಿ ಪರೀಕ್ಷೆ ಇದೆ. ತಪ್ಪದೆ ಹಾಜರಾಗಬೇಕು.’ ತಪಾಸಣೆ ಎಂದು ಬರೆಯಬಹುದಿತ್ತು. ಶಾಲೆಯಲ್ಲಿ ವರ್ಷಗಟ್ಟಲೆ ಬರೆದ ಒಕ್ಕಣೆಯೇ ಕೈಗೆ ಬಂತು.

ಆರರಲ್ಲಿ ಐವರು ಮೊದಲು ಹೋಗಿಬಂದರು. ಇವನ ಸರದಿ ಹತ್ತು ದಿನ ತಡ. ವೈದ್ಯರು ಏನೇನು ಕೇಳಿದರೆಂದು ಅಕ್ಕ ಅವರ ತಾಯಂದಿರನ್ನು ವಿಚಾರಿಸಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಶಿಸ್ತಿನ ಹೆಂಗಸು ಎಂದುಕೊಂಡೆ.

ಹುಬ್ಬಳ್ಳಿಗೆ ನಾನೂ ಹೋದೆ. ವಾರಗಳ ಹೆಸರು, ತಿಂಗಳುಗಳ ಹೆಸರು, ಜಿಲ್ಲೆ, ಇಪ್ಪತ್ತರಿಂದ ಹಿಂದಕ್ಕೆ ಎಣಿಕೆ. ಎಲ್ಲವನ್ನೂ ಎದ್ದು ನಿಂತು ಹೇಳಿದ. ಹೊರಗೆ ಉದ್ದ ಸಾಲಿತ್ತು.

“ಚಲೋ ಅದಾನಲ್ರಿ. ಯಾಕ ಕರ್ಕೊಂಡು ಬಂದ್ರಿ?” ಎಂದು ಕೇಳಿ ವೈದ್ಯರು ಬರೆದುಕೊಟ್ಟರು: ಮಂದಬುದ್ಧಿ ಕಂಡುಬಂದಿಲ್ಲ.

“ಅಕ್ಕಾ, ಪಾಸಾದೆ!”

“ಹತ್ತು ದಿನ ಬಾಯಿಪಾಠ ಮಾಡಿಸೇನ್ರಿ ಸರ,” ಎಂದಳು. “ಒಂದೂ ತಪ್ಪಲಿಲ್ಲ ನೋಡ್ರಿ.”

ಆ ಕಾಗದದ ಅರ್ಥ ಹೇಳಿದೆ: ಆ ಆರರಲ್ಲಿ ಅವನಿಗಿನ್ನು ಜಾಗವಿಲ್ಲ. ಅವಳು ಚೀಲದಿಂದ ನಾನು ಬರೆದ ಕಾರ್ಡು ತೆಗೆದಳು.

“ಪರೀಕ್ಷೆ ಅಂತ ನೀವ ಬರದಿದ್ರಲ್ರಿ?”

ಒಳಗೆ ಹೋಗಿ ಕೇಳಿಕೊಂಡೆ. “ಈಗಷ್ಟ ಉಲ್ಟಾ ಎಣಿಸ್ಯಾನ. ನಾ ಇನ್ನೇನಂತ ಬರೀಲಿ?” ಎಂದರು ವೈದ್ಯರು.

ಮರುವಾರ ಸವಣೂರಿನವನು ನನ್ನ ಬಳಿ ಬಂದ. “ಸರ, ಅಂವಾ ನಮ್ಮಂಗ ಅದಾನ ಅಂತ ಡಾಕ್ಟರ ಬರದಾರಲ್ರಿ. ಹಂಗಾರ ನನ್ನ ಜಾಗಾದಾಗ ಹೋಗ್ಲಿ ಬಿಡ್ರಿ.”

ನಿಯಮದಲ್ಲಿ ಅಡ್ಡಿಯಿರಲಿಲ್ಲ. ಒಂದು ತಂತಿ ಕಳಿಸಿದ್ದರೆ ಸಾಕಿತ್ತು. ಆದರೆ ಸವಣೂರಿನವನಿದ್ದ ಐವರ ಪಟ್ಟಿ ಸಹಿ, ಸಿಕ್ಕಾ ಆಗಿ ಹೋಗಿತ್ತು. ಕಳಿಸಿದ ಪಟ್ಟಿಯನ್ನು ನಾನು ಯಾವತ್ತೂ ತಿದ್ದಿದವನಲ್ಲ.

“ಪಟ್ಟಿ ಹೋಗೇತಿ,” ಎಂದೆ. ಕೀಪರನ ಜಾಗಕ್ಕೆ ಪ್ರಮಾಣಪತ್ರ ಸಿಕ್ಕಿದ್ದ ಶಿಗ್ಗಾಂವಿಯ ಹೆಚ್ಚುವರಿ ಆಟಗಾರ ಬಂದ.

ರೈಲು ಯಲವಿಗಿಯಿಂದ. ಅವನೂ ಅಕ್ಕನೂ ಸ್ಟೇಶನ್ನಿಗೆ ಬಂದಿದ್ದರು. ಎಲ್ಲರ ಚೀಲಗಳನ್ನೂ ಒಬ್ಬನೇ ಡಬ್ಬಿಗೆ ಏರಿಸಿ, ತಾನೂ ಕಿಟಕಿಯ ಪಕ್ಕ ಕೂತ.

“ಇಳಿ,” ಎಂದೆ.

“ನಾ ಪಾಸಾಗೇನ್ರಿ ಸರ.”

“ಇಳಿ.”

ಮೈದಾನದಲ್ಲಿ ಕೇಳುತ್ತಿದ್ದಂತೆಯೇ ಮಾತು ಕೇಳಿದ. ಇಳಿದ. ರೈಲು ಸರಿಯಾದ ಸಮಯಕ್ಕೆ ಬಿಟ್ಟಿತು. ನನಗೆ ಏನೂ ಅನ್ನಿಸಲಿಲ್ಲ. ಹಾಜರಿ ಕರೆದೆ, ಹನ್ನೊಂದು ಜನ ಇದ್ದರು. ಎರಡು ಪಂದ್ಯ ಆಡಿದೆವು, ಎರಡೂ ಸೋತೆವು. ಬಂದ ಮರುದಿನವೇ ವರದಿ ಬರೆದೆ.

ಅಕ್ಕ ತಮ್ಮನನ್ನು ಕರೆದುಕೊಂಡು ಶಾಲೆಗೆ ಬಂದಳು. “ಮುಂದಿನ ವರ್ಷ ಮತ್ತ ಇರತೈತೇನ್ರಿ? ಈ ಸಲ ಫೇಲಾಗೂದು ಕಲಿಸ್ತೇನಿ.”

“ನಾ ಫೇಲಾಗೂದಿಲ್ಲ,” ಎಂದ ಅವನು.

ಮರುವರ್ಷದ ಕಾರ್ಡಿನಲ್ಲಿ ತಪಾಸಣೆ ಎಂದೇ ಬರೆದೆ. ಬೇರೊಬ್ಬ ವೈದ್ಯರ ಮುಂದೆ, ಅವರು ತಲೆಯೆತ್ತಿ ಏನಾದರೂ ಕೇಳುವ ಮೊದಲೇ, ಅವನು ಎದ್ದು ನಿಂತು ಇಪ್ಪತ್ತರಿಂದ ಒಂದರವರೆಗೆ ಎಣಿಸಿದ.