ಬರಾತಿನ ಕಾರು ಮಾರಿದ್ದು

ನಮ್ಮ ಅಪ್ಪನ ಹತ್ತಿರ ಒಂದು ಅಮೇರಿಕಾ ಕಾರಿತ್ತು. ಮೇಲಿನ ಛತ್ತು ಬಟ್ಟೆಯದು, ಮಡಚಿ ಹಿಂದಕ್ಕೆ ಹಾಕಿದರೆ ಗಾಡಿ ಪೂರಾ ಬಯಲು. ಹೈದರಾಬಾದಿನ ಯಾರೋ ಜಹಗೀರದಾರರು ಮನೆ ಖಾಲಿ ಮಾಡುವಾಗ ಅಪ್ಪ ಅದನ್ನು ಕೊಂಡು ತಂದಿದ್ದರು. ನಾನಾಗ ಇನ್ನೂ ಸಾಲೆಗೆ ಹೋಗುತ್ತಿರಲಿಲ್ಲ. ನಮ್ಮೂರು ಕಲ್ಯಾಣದೊಳಗೆ ಅಪ್ಪನದು ಎಣ್ಣೆ, ಹಿಂಡಿಯ ವ್ಯಾಪಾರ. ಆದರೆ ಊರವರು ಗುರುತು ಹೇಳುತ್ತಿದ್ದದ್ದು ಬರಾತಿನ ಕಾರಿನವರು ಅಂತಲೇ. ಸುತ್ತಲಿನ ಹಳ್ಳಿಯ ಮದುವೆಗಳಲ್ಲಿ ಮದುಮಗನ ಮೆರವಣಿಗೆಗೆ, ಅಂದರೆ ಬರಾತಿಗೆ, ಅದು ಬಾಡಿಗೆಗೆ ಹೋಗುತ್ತಿತ್ತು. ಮದುಮಗ ಹಿಂದಿನ ಸೀಟಿನ ಮೇಲೇರಿ ಕೂತರೆ ಮಾಳಿಗೆಯ ಮೇಲೆ ನಿಂತವರಿಗೂ ಕಾಣುತ್ತಿದ್ದ. ಸ್ಟೇರಿಂಗ್ ಮಾತ್ರ ಅಪ್ಪ ಯಾರ ಕೈಗೂ ಕೊಟ್ಟವರಲ್ಲ.

ಮದುವೆಯಾಗಿ ಹುಮನಾಬಾದಿನ ಗಂಡನ ಮನೆಗೆ ನಾನು ಹೋದದ್ದೂ ಅದರಲ್ಲೇ. ಹುಮನಾಬಾದಿನ ಬಜಾರದ ನಟ್ಟನಡುವೆ ಅದು ಕೆಮ್ಮಿ ನಿಂತುಬಿಟ್ಟಿತು. ಬೀಗರು ಜರಿ ರುಮಾಲು ಸುತ್ತಿಕೊಂಡೇ ನೂಕಿದರು. ಅರಿವೆ ಅಂಗಡಿಯ ದೊಡ್ಡ ಮನೆತನ ಅವರದು. ಆಮೇಲೆ ಎಷ್ಟೋ ಹಬ್ಬದ ಪಂಕ್ತಿಗಳಲ್ಲಿ ಆ ಮಾತು ತೆಗೆದು ನಕ್ಕರು. ನಾನು ತಲೆ ಬಗ್ಗಿಸಿ ಬಡಿಸುತ್ತಿದ್ದೆ.

ಬರಬರುತ್ತ ಕಾರು ಹಾಳಾಯಿತು. ಇಂಜಿನ್ ಸತ್ತಿತು, ಛತ್ತು ಚಿಂದಿಯಾಯಿತು. ದನದ ಕೊಟ್ಟಿಗೆಯ ಪಕ್ಕ ನಿಂತ ಅದರ ಮೂತಿಯ ಮೇಲೆ ಅವ್ವ ಹಪ್ಪಳ ಒಣಗಿಸುತ್ತಿದ್ದಳು. ಎಂಬತ್ತರ ಇಸವಿಯ ನಂತರ ಒಂದು ಸಲ ನನ್ನ ಗಂಡ ಹೈದರಾಬಾದಿಗೆ ಮಾಲು ತರಲು ಹೋದಾಗ, ಹಳೇ ಕಾರು ಕೂಡಿಡುವ ಸಾಹೇಬರೊಬ್ಬರು ಸಿಕ್ಕರು. ರಿಪೇರಿ ಬೇಡ, ಬಣ್ಣ ಬೇಡ, ಇದ್ದ ಹಾಗೇ ಕೊಡ್ರಿ ಅಂದರಂತೆ. ಅಪ್ಪ ಬಹಳ ದಿನ ವಿಚಾರ ಮಾಡಿ ಒಪ್ಪಿದರು. ಹುಮನಾಬಾದಿನಲ್ಲಿ ಕಾಳಿನ ದಲಾಲಿ ನಡೆಯುವ ಅಡತಿಯಲ್ಲಿ ಲಾರಿಗೆ ಮಾಲು ಏರಿಸುವ ಎತ್ತರದ ಕಟ್ಟೆ ಇತ್ತು. ಸಾಹೇಬರು ಅಲ್ಲಿಗೆ ಲಾರಿ ತರುವುದು, ಕಾರನ್ನು ನಾವು ಅಲ್ಲಿಗೆ ಮುಟ್ಟಿಸುವುದು ಅಂತ ಮಾತಾಯಿತು.

ಆ ದಿನ ನಾನು ತವರಿನಲ್ಲಿದ್ದೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು, ಕಾರಿನಲ್ಲಿ ಅಪ್ಪ ಕೂತು ಸ್ಟೇರಿಂಗ್ ಹಿಡಿಯುವುದು. ನಾನು ಗಂಡನ ಮನೆಗೆ ಬಸ್ಸಿಗೆ ಹೋಗ್ತೀನಿ ಅಂದೆ. ಬ್ರೇಕ್ ಸರಿ ಇಲ್ಲ, ಮುದುಕ ಒಬ್ಬನೇ ಇದ್ದಾನ, ಜೋಡಿಗೆ ಕೂಡು ಅಂತ ಅವ್ವ ಹಟ ಹಿಡಿದಳು. ಹೊರಗೆ ಬಂದು ನೋಡಿದರೆ ಅಪ್ಪ ಬರಾತಿನ ಕರೀ ಕೋಟು ತೊಟ್ಟು, ರುಮಾಲು ಸುತ್ತಿ ತಯಾರಾಗಿ ಕೂತಿದ್ದರು.

ದಾರಿಯುದ್ದಕ್ಕೂ ಜನ ಎದ್ದು ನಿಂತು ನೋಡಿದರು. ರಾಜೇಶ್ವರದಲ್ಲಿ ಚಹಾದಂಗಡಿಯಿಂದ ಒಬ್ಬಾತ, ಯಾರ ಮದಿವಿರೀ ಅಂತ ಕೂಗಿದ. ಗುರುತಿನವರು ಕಂಡಲ್ಲೆಲ್ಲ ಅಪ್ಪ ಒಂದು ಕೈ ಎತ್ತಿ ಸಲಾಂ ಮಾಡುತ್ತಿದ್ದರು. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡು, ಹರಿದ ಸೀಟಿನೊಳಗೆ ಇಳಿದು ಇಳಿದು ಕೂತೆ.

"ಬಿಸಲು ಬಡ್ಯಾಕತ್ತದೇನು, ಯವ್ವಾ?" ಅಂದರು ಅಪ್ಪ.

"ಹೂಂ," ಅಂದೆ.

ಹುಮನಾಬಾದಿನ ಬಜಾರ ಬಂತು. ನಮ್ಮ ಅಂಗಡಿಯ ಪಾವಟಿಗೆಯ ಮೇಲೆ ನನ್ನ ಗಂಡ ಇಬ್ಬರು ಗಿರಾಕಿಗಳ ಸಂಗಡ ನಿಂತಿದ್ದರು. ಅಪ್ಪ ಕೈ ಎತ್ತಿದರು. ನನ್ನ ಗಂಡ ನಮ್ಮನ್ನು ನೋಡಿದರು, ಹಿಂದೆ ತಿರುಗಿದರು, ಅಂಗಡಿಯೊಳಗೆ ಹೋಗಿಬಿಟ್ಟರು. ಎತ್ತಿದ ಕೈಯನ್ನು ಅಪ್ಪ ಮೆಲ್ಲಗೆ ಇಳಿಸಿ ಸ್ಟೇರಿಂಗಿನ ಮೇಲಿಟ್ಟರು. ಅಲ್ಲಿಂದ ಮುಂದೆ ಯಾರಿಗೂ ಸಲಾಂ ಮಾಡಲಿಲ್ಲ.

ಅಡತಿಯಲ್ಲಿ ಸಾಹೇಬರು ಕಾರಿನ ಸುತ್ತ ಹಬ್ಬದ ಮನೆ ಹೊಕ್ಕವರ ಹಾಗೆ ಓಡಾಡಿದರು. ತುಕ್ಕನ್ನೂ ಮುಟ್ಟಿ ನೋಡಿದರು. ಇದನ್ನು ಯಾತಕ್ಕ ಬಳಸ್ತಿದ್ರಿ ಅಂತ ಕೇಳಿದರು. ಬೇರೆ ದಿನವಾಗಿದ್ದರೆ ಅಪ್ಪ ಊರೂರಿನ ಬರಾತುಗಳನ್ನು ಹೇಳಿ ಸಂಜೆ ಮಾಡುತ್ತಿದ್ದರು. ಅವತ್ತು ನನ್ನ ಕಡೆ ಒಮ್ಮೆ ನೋಡಿ, "ಮನಿ ಗಾಡಿ ಇತ್ರಿ. ಬಾಡಿಗಿಗೆ ಗೀಡಿಗಿಗೆ ಕೊಟ್ಟಿಲ್ಲ," ಅಂದರು.

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ನನ್ನ ಮರ್ಯಾದೆಗೆ, ನನ್ನ ಅತ್ತೆಮನೆಯ ಮರ್ಯಾದೆಗೆ ಹೇಳಿದ್ದು ಅದು. ಇಲ್ಲರಿ, ಈ ಕಾರು ನೂರಾರು ಮದುವೆ ಮಾಡಿಸ್ಯಾದ ಅಂತ ಹೇಳಲು ನನಗೆ ಬಾಯಿತ್ತು. ಹೇಳಲಿಲ್ಲ.

ಲಾರಿ ಹೊರಟ ಮೇಲೆ ಅಪ್ಪನನ್ನು ಊಟಕ್ಕೆ ಕರೆದೆ. ಟ್ರ್ಯಾಕ್ಟರಿನವನಿಗೆ ತಡ ಆಗ್ತದ ಅಂದು, ಅದರ ಮಡಗಾರ್ಡಿನ ಮೇಲೆ ಕೂತು ಹೋದರು. ಕೋಟು ಬಿಚ್ಚಿ ತೊಡೆಯ ಮೇಲೆ ಮಡಚಿಟ್ಟುಕೊಂಡಿದ್ದರು.

ಸಂಜೆ ಗಂಡ ಬಂದು, ಮಾವ ಉಂಡು ಹೋದರೇನು ಅಂತ ಕೇಳಿದರು.

"ಕರೀಬೇಕಾದವರು ಒಳಗ ಹೋದ್ರಲ್ರಿ," ಅಂದೆ.

ಅವರು ಊಟದ ಗಂಗಾಳವನ್ನು ಪಕ್ಕಕ್ಕೆ ಸರಿಸಿದರು. ಗಿರಾಕಿಗಳ ಮುಂದ ನಾಚಿಕಿ ಬಂತು ಅಂದರು. ನನಗೂ ಬಂದಿತ್ತು ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅವರ ಭಾರ ಹಗುರಾಗುತ್ತಿತ್ತೇನೋ. ಮರುದಿನ ಬೆಳಗಿನ ಬಸ್ಸಿಗೆ ಅವರು ಕಲ್ಯಾಣಕ್ಕೆ ಹೋಗಿ ಬಂದರು. ಇಬ್ಬರೂ ತೊಗರಿಯ ಧಾರಣೆ ಮಾತಾಡಿದರಂತೆ. ಕಾರಿನ ಮಾತು ಬರಲಿಲ್ಲವಂತೆ.

ಅದಾದ ಮೇಲೂ ಅಪ್ಪ ನಮ್ಮ ಮನೆಗೆ ಬಂದರು, ಉಂಡರು, ನನ್ನ ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡರು. ಆದರೆ ಬಸ್ ಸ್ಟ್ಯಾಂಡಿನಿಂದ ಬರುವಾಗ ಬಜಾರದ ಸೀದಾ ದಾರಿ ಬಿಟ್ಟು, ಹಿಂದಿನ ಓಣಿಗಳನ್ನು ಸುತ್ತಿ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಯಾಕ ಅಂತ ನಾನು ಕೇಳಲಿಲ್ಲ. ಹಿತ್ತಲ ಅಗಳಿ ತೆಗೆದಿಡುತ್ತಿದ್ದೆ.